ಮಲ್ಪೆ ಕಡಲಿನ ಕಂಬಕಲ್ಲುಗಳು: ಸೇಂಟ್ ಮೇರೀಸ್ ದ್ವೀಪದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ ಜಿಲ್ಲೆಯ ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರಲ್ಲಿ ಹೆಚ್ಚಿನವರು ಎರಡು ತಾಸು ಇದ್ದು, ಕಂಬಕಲ್ಲುಗಳ ಮುಂದೆ ಫೋಟೊ ತೆಗೆಸಿಕೊಂಡು ವಾಪಸಾಗುತ್ತಾರೆ. ಪ್ರಶ್ನೆಗಳು ಹುಟ್ಟುವುದು ಮನೆಗೆ ಬಂದು ಫೋಟೊ ನೋಡುವಾಗ. ಭೂವಿಜ್ಞಾನ ಓದಿದವಳು ಎಂಬ ಕಾರಣಕ್ಕೆ ಆ ಪ್ರಶ್ನೆಗಳೆಲ್ಲ ನನ್ನ ಬಳಿ ಬಂದು ಸೇರುತ್ತವೆ. ಮತ್ತೆ ಮತ್ತೆ ಬಂದವುಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಅಲ್ಲಿ ನಿಜವಾಗಿಯೂ ಜ್ವಾಲಾಮುಖಿ ಇತ್ತೇ?

ಇತ್ತು. ದ್ವೀಪದ ಕಲ್ಲು ಭೂಮಿಯ ಒಳಗಿಂದ ಕರಗಿದ ಸ್ಥಿತಿಯಲ್ಲಿ ಮೇಲೆ ಬಂದು ತಣಿದು ಗಟ್ಟಿಯಾದದ್ದು. ಎದುರಿನ ದಡದಲ್ಲಿ, ಉಡುಪಿಯ ಮಣ್ಣಿನಡಿ ಇರುವ ಬುಡದ ಬಂಡೆ ಬೇರೆಯದೇ ಜಾತಿ. ಅದು ಗ್ನೈಸ್, ನೂರಾರು ಕೋಟಿ ವರ್ಷ ಹಳೆಯದು, ನೆಲದಾಳದ ಒತ್ತಡದಲ್ಲಿ ಬೆಂದು ಪಟ್ಟೆಪಟ್ಟೆಯಾದ ಕಲ್ಲು. ಕೆಲವೇ ಕಿಲೋಮೀಟರ್ ಕಡಲು ದಾಟಿದರೆ ಕಲ್ಲಿನ ವಯಸ್ಸೂ ಗುಣವೂ ಪೂರ್ತಿ ಬದಲಾಗಿಬಿಡುತ್ತದೆ. ಊರವರು ತೋನ್ಸೆಪಾರ್ ಎಂದು ಕರೆಯುವ ಈ ದ್ವೀಪಗಳ ವಿಶೇಷ ಇರುವುದೇ ಇಲ್ಲಿ.

ಹಾಗಾದರೆ ಜ್ವಾಲಾಮುಖಿಯ ಬಾಯಿ ಎಲ್ಲಿದೆ? ಶಂಕುವಿನಂಥ ಬೆಟ್ಟ ಕಾಣುವುದಿಲ್ಲವಲ್ಲ?

ಕಾಣುವುದಿಲ್ಲ, ಕಾಣುವ ನಿರೀಕ್ಷೆಯೂ ಬೇಡ. ಸುಮಾರು ಒಂಬತ್ತು ಕೋಟಿ ವರ್ಷಗಳ ಮಳೆ, ಗಾಳಿ, ಅಲೆಗಳ ಮುಂದೆ ಯಾವ ಬೆಟ್ಟವೂ ತನ್ನ ಆಕಾರ ಉಳಿಸಿಕೊಳ್ಳಲಾರದು. ಆರಿಹೋದ ಹಳೆಯ ಜ್ವಾಲಾಮುಖಿಗಳಲ್ಲಿ ಸಾಮಾನ್ಯವಾಗಿ ಮೊದಲು ಹೋಗುವುದು ಬೂದಿ ಮತ್ತು ಸಡಿಲ ಕಲ್ಲಿನ ಹೊರಮೈ. ಕೊನೆಗೆ ಉಳಿಯುವುದು ಗಟ್ಟಿ ಲಾವಾ, ಇಲ್ಲವೇ ಕೊಳವೆಯೊಳಗೇ ಹೆಪ್ಪುಗಟ್ಟಿದ ಕಲ್ಲು. ನಮ್ಮ ದ್ವೀಪಗಳಲ್ಲಿ ಉಳಿದಿರುವುದೂ ಗಟ್ಟಿ ಭಾಗವೇ, ಅದೂ ಚೂರುಪಾರು. ನೀರಿನ ಮೇಲೆ ಕಾಣುವಷ್ಟನ್ನೇ ಇಟ್ಟುಕೊಂಡು ಜ್ವಾಲಾಮುಖಿ ಎಷ್ಟು ದೊಡ್ಡದಿತ್ತು ಎಂದು ಅಳೆಯುವುದು, ಬೆಂಕಿ ಆರಿದ ಮನೆಯ ಒಂದೇ ಒಂದು ಕಂಬ ನೋಡಿ ಮನೆಯ ನಕ್ಷೆ ಬರೆಯಲು ಹೊರಟಂತೆ.

ಜ್ವಾಲಾಮುಖಿ ಎಂದರೆ ಶಂಕುವಿನ ಬೆಟ್ಟವೇ ಆಗಬೇಕೆಂದೂ ಇಲ್ಲ. ಖಂಡ ಸೀಳುವಾಗ ಉದ್ದನೆಯ ಬಿರುಕುಗಳಿಂದಲೂ ಲಾವಾ ಉಕ್ಕುತ್ತದೆ. ಈ ದ್ವೀಪಗಳು ಕರಾವಳಿಗೆ ಸಮಾನಾಂತರವಾಗಿ ಉತ್ತರ–ದಕ್ಷಿಣ ಸಾಲಿನಲ್ಲಿ ನಿಂತಿರುವುದನ್ನು ನಕ್ಷೆಯಲ್ಲಿ ನೋಡಿ. ತೆಂಗಿನ ದ್ವೀಪ, ಉತ್ತರ ದ್ವೀಪ, ದರಿಯಾಬಹಾದುರ್‌ಗಡ, ದಕ್ಷಿಣ ದ್ವೀಪ, ಈ ನಾಲ್ಕು ದೊಡ್ಡವು. ಉಳಿದವು ಅಲೆಯ ನಡುವೆ ತಲೆ ಎತ್ತಿದ ಸಣ್ಣ ಬಂಡೆಗಳು. ಪ್ರವಾಸಿ ದೋಣಿ ಹೋಗುವುದು ತೆಂಗಿನ ದ್ವೀಪಕ್ಕೆ.

ಈ ಕಂಬಗಳನ್ನು ಯಾರೋ ಕಡೆದು ನಿಲ್ಲಿಸಿದ್ದು ಅನ್ನುತ್ತಾರೆ. ನಿಜವೇ?

ಇಲ್ಲ, ಆದರೆ ಹಾಗೆ ಅನ್ನಿಸುವುದು ಸಹಜ. ಕೆಲವು ಕಡೆ ಗರಗಸ ಹಾಕಿ ಕೊಯ್ದಷ್ಟು ನೇರವಾದ ಅಂಚು, ಜೋಡಿಸಿಟ್ಟಷ್ಟು ಒತ್ತಾದ ಸಾಲು. ಮೊದಲ ಸಲ ನೋಡಿದಾಗ ನಾನೂ ಪಾಳುಬಿದ್ದ ದೇವಸ್ಥಾನದ ಅಧಿಷ್ಠಾನ ಎಂದೇ ಭಾವಿಸಿದ್ದೆ. ಎತ್ತರದವು ಆರು ಮೀಟರ್ ತನಕ ಇವೆ. ಕೆಲವು ನೆಟ್ಟಗೆ ನಿಂತಿವೆ, ಕೆಲವು ವಾಲಿವೆ. ಇನ್ನು ಕೆಲವು ಅಲೆ ಬಡಿದು ಮುರಿದು ಬುಡ ಮಾತ್ರ ಉಳಿದು, ನೆಲಕ್ಕೆ ಹಾಸಿದ ಕಲ್ಲುಚಪ್ಪಡಿಯಂತಾಗಿವೆ.

ಇದನ್ನು ಮಾಡಿದ್ದು ತಣಿಯುವಿಕೆ. ಹರಿದು ನಿಂತ ದಪ್ಪನೆಯ ಲಾವಾ ಹೊರಮೈಯಿಂದ ಒಳಕ್ಕೆ ನಿಧಾನವಾಗಿ ತಣಿಯುತ್ತದೆ. ಗಟ್ಟಿಯಾದ ಮೇಲೂ ಅದು ನೂರಾರು ಡಿಗ್ರಿ ಬಿಸಿಯೇ ಇರುತ್ತದೆ. ಇನ್ನೂ ತಣಿಯುತ್ತಾ ಹೋದಂತೆ ಕುಗ್ಗಬೇಕಾಗುತ್ತದೆ. ಕೆಳಗಿನ ಬಿಸಿ ಭಾಗ ಇನ್ನೂ ಕುಗ್ಗಿರುವುದಿಲ್ಲ, ಅದು ಮೇಲಿನ ಪದರವನ್ನು ಹಿಡಿದಿಟ್ಟಿರುತ್ತದೆ. ಎಳೆತ ತಾಳಲಾರದೆ ಮೇಲಿನ ಪದರ ಬಿರಿಯುತ್ತದೆ. ತಣಿವು ಒಳಕ್ಕೆ ಇಳಿದಷ್ಟೂ ಬಿರುಕು ಅದರ ಬೆನ್ನು ಹಿಡಿದು ಹಂತ ಹಂತವಾಗಿ ಇಳಿಯುತ್ತದೆ. ಬಿರುಕುಗಳ ನಡುವೆ ಉಳಿದದ್ದೇ ಕಂಬ. ಹಾಗಾಗಿ ಕಂಬದ ದಿಕ್ಕು ಯಾವಾಗಲೂ ತಣಿಯುವ ಮೈಗೆ ಲಂಬವಾಗಿರುತ್ತದೆ. ವಾಲಿದ ಕಂಬ ಕಂಡರೆ ಅದು ಬಿದ್ದದ್ದೇ ಎಂದುಕೊಳ್ಳಬೇಡಿ. ಆ ಜಾಗದಲ್ಲಿ ತಣಿಯುವ ಮೈಯೇ ಓರೆಯಾಗಿದ್ದಿರಬಹುದು.

ಆರು ಮೂಲೆಯೇ ಯಾಕೆ?

ಎಲ್ಲವೂ ಆರಲ್ಲ. ಒಮ್ಮೆ ಮಕ್ಕಳ ಗುಂಪೊಂದನ್ನು ಕರೆದುಕೊಂಡು ಹೋದಾಗ, ಮುರಿದ ಕಂಬಗಳ ಬುಡದ ಮೇಲೆ ಕೂರಿಸಿ ಮೂಲೆ ಎಣಿಸಲು ಹೇಳಿದೆ. ಐದು, ಆರು, ಐದು, ಏಳು, ಆರು ಎಂದು ಕೂಗು ಬರತೊಡಗಿತು. ಒಬ್ಬ ಹುಡುಗಿಗೆ ನಾಲ್ಕು ಮೂಲೆಯದೂ ಸಿಕ್ಕಿತು. "ಅಕ್ಕಾ, ನನ್ನದು ತಪ್ಪು ಕಂಬ" ಎಂದು ಬೇಜಾರು ಮಾಡಿಕೊಂಡಳು. ತಪ್ಪಲ್ಲ. ನಾಲ್ಕರಿಂದ ಏಳರವರೆಗೂ ಇಲ್ಲಿವೆ, ಹೆಚ್ಚಿನವು ಐದು ಮತ್ತು ಆರು.

ಆರರ ಕಡೆಗೆ ಒಲವು ಯಾಕೆಂದರೆ, ಬಿರುಕುಗಳು ಮೂರು ಮೂರಾಗಿ 120 ಡಿಗ್ರಿ ಕೋನದಲ್ಲಿ ಕೂಡಿದಾಗ ಎಳೆತ ಎಲ್ಲ ಕಡೆಗೂ ಸಮನಾಗಿ ಇಳಿಯುತ್ತದೆ. ಮೇಲ್ಮೈಯಲ್ಲಿ ಮೊದಲು ಹುಟ್ಟುವ ಬಿರುಕುಗಳು ಇಷ್ಟು ಶಿಸ್ತಿನವಲ್ಲ. ಬತ್ತಿದ ಕೆರೆಯಂಗಳದ ಮಣ್ಣಿನಲ್ಲಿ ನೋಡಿದ್ದೀರಲ್ಲ, ಒಂದು ಬಿರುಕು ಇನ್ನೊಂದಕ್ಕೆ ನೇರವಾಗಿ ಹೋಗಿ ಬಡಿದು ನಿಲ್ಲುತ್ತದೆ, ಬಿಲ್ಲೆಗಳು ಚೌಕಕ್ಕೆ ಹತ್ತಿರ ಇರುತ್ತವೆ. ಆಳಕ್ಕೆ ಇಳಿಯುತ್ತಾ ಇಳಿಯುತ್ತಾ ಬಿರುಕುಗಳ ಜಾಲ ತನ್ನನ್ನು ತಾನೇ ತಿದ್ದಿಕೊಂಡು ಜೇನುಹಟ್ಟಿಯ ಕಡೆಗೆ ಸಾಗುತ್ತದೆ. ನಿಧಾನವಾಗಿ ತಣಿದಷ್ಟೂ ಕಂಬ ದಪ್ಪ, ಬೇಗ ತಣಿದಷ್ಟೂ ಸಪೂರ.

ಇದನ್ನು ಮನೆಯಲ್ಲಿ ಮಾಡಿ ತೋರಿಸಬಹುದೇ?

ಧಾರಾಳವಾಗಿ. ಮೆಕ್ಕೆಜೋಳದ ಪಿಷ್ಟ, ಅಂದರೆ ಅಂಗಡಿಯಲ್ಲಿ ಕಾರ್ನ್‌ಫ್ಲೋರ್ ಎಂದು ಸಿಗುವ ಬಿಳಿ ಪುಡಿಯನ್ನು ಅಷ್ಟೇ ತೂಕದ ನೀರಿನಲ್ಲಿ ಕಲಸಿ ಗಾಜಿನ ಲೋಟಕ್ಕೆ ಸುರಿಯಿರಿ. ಬಿಸಿಯಾಗುವ ಬಲ್ಬಿನ ಕೆಳಗೆ ಕೆಲವು ದಿನ ಒಣಗಲು ಬಿಡಿ. ಮೇಲ್ಗಡೆ ದೊಡ್ಡ ಒರಟು ಬಿರುಕು ಬೀಳುತ್ತದೆ, ಅದನ್ನು ನೋಡಿ ನಿರಾಶೆಯಾಗಬೇಡಿ. ಪೂರ್ತಿ ಒಣಗಿದ ಗಟ್ಟಿಯನ್ನು ನಿಧಾನವಾಗಿ ಹೊರತೆಗೆದು ಮುರಿದರೆ ಒಳಗೆ ಕಡ್ಡಿಯಷ್ಟು ಸಪೂರ ಕಂಬಗಳ ಕಾಡೇ ಇರುತ್ತದೆ. ಇಲ್ಲಿ ಕುಗ್ಗುವುದು ನೀರು ಆರುವುದರಿಂದ, ಅಲ್ಲಿ ಬಿಸಿ ಆರುವುದರಿಂದ. ಬಿರುಕಿನ ಲೆಕ್ಕಾಚಾರ ಎರಡಕ್ಕೂ ಒಂದೇ.

ಇದು ಬಸಾಲ್ಟ್ ಕಲ್ಲು ಅಂತ ಓದಿದ್ದೇನೆ. ಸರಿಯೇ?

ಬಹಳ ಕಡೆ ಹಾಗೇ ಬರೆದಿರುತ್ತಾರೆ, ಆದರೆ ಸರಿಯಲ್ಲ. ಕಂಬಕಲ್ಲು ಎಂದ ಕೂಡಲೇ ಬಸಾಲ್ಟ್ ಎಂಬ ಕರಿಯ ಲಾವಾಕಲ್ಲು ನೆನಪಾಗುವುದು ಅಭ್ಯಾಸಬಲ. ಮುಂಬೈ ಅಂಧೇರಿಯ ಗಿಲ್ಬರ್ಟ್ ಹಿಲ್, ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇ, ಎರಡೂ ಬಸಾಲ್ಟ್. ನಮ್ಮದು ಡೇಸೈಟ್ ಮತ್ತು ರಯೋಲೈಟ್ ವರ್ಗದ ಕಲ್ಲು. ಬಸಾಲ್ಟಿನಲ್ಲಿ ಸಿಲಿಕಾ, ಅಂದರೆ ಬಿಳಿ ಮರಳಿನ ಮುಖ್ಯ ಅಂಶ, ಶೇ. 45ರಿಂದ 52ರಷ್ಟು ಇದ್ದರೆ, ಇವುಗಳಲ್ಲಿ ಶೇ. 63ಕ್ಕಿಂತ ಮೇಲೆ. ಸಿಲಿಕಾ ಹೆಚ್ಚಿದಷ್ಟೂ ಲಾವಾ ಅಂಟು. ಬಸಾಲ್ಟ್ ಲಾವಾ ಎಣ್ಣೆಯಂತೆ ದೂರದೂರ ಹರಿದುಹೋದರೆ, ಇದು ಪಾಕಕ್ಕೆ ಬಂದ ಬೆಲ್ಲದ ಹಾಗೆ ಅಲ್ಲಲ್ಲೇ ದಪ್ಪಗೆ ನಿಲ್ಲುತ್ತದೆ. ಇಂಥ ಲಾವಾದಲ್ಲಿ ಇಷ್ಟು ಅಚ್ಚುಕಟ್ಟಾದ ಕಂಬಗಳು ಸಿಗುವುದು ಬಸಾಲ್ಟಿನಲ್ಲಿ ಸಿಕ್ಕಷ್ಟು ಸಾಮಾನ್ಯವಲ್ಲ. ಈ ಒಂದು ತಪ್ಪನ್ನು ತಿದ್ದಲು ನಾನು ಪ್ರತಿ ಸಲವೂ ಹಟ ಹಿಡಿಯುವುದು ಅದಕ್ಕೇ. ಬಸಾಲ್ಟ್ ಎಂದುಬಿಟ್ಟರೆ ದ್ವೀಪದ ಅಪರೂಪವೇ ಕೈತಪ್ಪಿ ಹೋಗುತ್ತದೆ.

ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಕೈಮಸೂರ ಒಯ್ಯಿರಿ. ಕಂಬದ ಹೊರಮೈ ಕಂದು, ಅದು ಹವೆಗೆ ಸವೆದ ಸಿಪ್ಪೆ ಅಷ್ಟೆ. ಅಲೆ ಉಜ್ಜಿ ನುಣುಪಾದ ಜಾಗ ಹುಡುಕಿ ನೀರು ಸವರಿ ನೋಡಿದರೆ ಬೂದು ಹಿನ್ನೆಲೆಯಲ್ಲಿ ಅಕ್ಕಿನುಚ್ಚು ಚೆಲ್ಲಿದಂತೆ ಬಿಳಿ ಚುಕ್ಕೆಗಳು ಕಾಣುತ್ತವೆ. ಅವು ಪ್ಲಾಜಿಯೋಕ್ಲೇಸ್ ಎಂಬ ಫೆಲ್ಡ್‌ಸ್ಪಾರ್ ಹರಳುಗಳು. ಪಕ್ಕದಲ್ಲಿ ಕಪ್ಪು ಕಾಳುಗಳಿದ್ದರೆ ಹೆಚ್ಚಾಗಿ ಪೈರಾಕ್ಸೀನ್. ಶಿಲಾರಸ ಇನ್ನೂ ನೆಲದೊಳಗೆ ನಿಂತಿದ್ದಾಗಲೇ ಈ ಹರಳುಗಳು ಬೆಳೆಯತೊಡಗಿದ್ದವು. ಮೇಲೆ ಬಂದ ಮೇಲೆ ಉಳಿದದ್ದು ಬೇಗ ಗಟ್ಟಿಯಾದ್ದರಿಂದ ಹಿನ್ನೆಲೆಯ ಕಣಗಳು ಕಣ್ಣಿಗೆ ಕಾಣದಷ್ಟು ಸಣ್ಣ.

ವಯಸ್ಸನ್ನು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಯಾವುದು ನಂಬಬೇಕು?

8.5 ಕೋಟಿಯಿಂದ 9.3 ಕೋಟಿ ವರ್ಷಗಳ ನಡುವೆ ಬೇರೆಬೇರೆ ಅಳತೆಗಳು ಬಂದಿವೆ. ಇದನ್ನು ನೋಡಿ "ವಿಜ್ಞಾನಿಗಳಿಗೇ ಗೊತ್ತಿಲ್ಲ" ಅನ್ನುವವರಿದ್ದಾರೆ. ಗಡಿಯಾರಗಳು ಬೇರೆ ಬೇರೆ ಎಂಬುದನ್ನು ಗಮನಿಸಿದರೆ ಹಾಗೆ ಅನ್ನಿಸುವುದಿಲ್ಲ.

ಮೊದಲಿಗೆ ಬಳಸಿದ್ದು ಪೊಟ್ಯಾಸಿಯಂ–ಆರ್ಗಾನ್ ವಿಧಾನ. ಕಲ್ಲಿನಲ್ಲಿರುವ ಪೊಟ್ಯಾಸಿಯಂನ ಒಂದು ಸಣ್ಣ ಪಾಲು, ಪೊಟ್ಯಾಸಿಯಂ-40, ತಾನಾಗಿ ಕ್ಷಯಿಸುತ್ತದೆ. ಅರ್ಧ ಮುಗಿಯಲು ಸುಮಾರು 125 ಕೋಟಿ ವರ್ಷ ಬೇಕು. ಅದರ ಒಂದಂಶ ಆರ್ಗಾನ್ ಅನಿಲವಾಗಿ ಹರಳಿನೊಳಗೆ ಸಿಕ್ಕಿಕೊಳ್ಳುತ್ತದೆ. ಎಷ್ಟು ಆರ್ಗಾನ್ ಕೂಡಿದೆ ಎಂದು ಅಳೆದರೆ ವಯಸ್ಸು. ತೊಂದರೆ ಏನೆಂದರೆ ಅನಿಲ ಸೋರಬಹುದು. ಕಡಲುಪ್ಪು, ಮಳೆ ತಿಂದ ಕಲ್ಲಿನಲ್ಲಂತೂ ಇನ್ನೂ ಎಚ್ಚರ ಬೇಕು. ಆಮೇಲೆ ಬಂದ ಆರ್ಗಾನ್–ಆರ್ಗಾನ್ ವಿಧಾನದಲ್ಲಿ ಮಾದರಿಯನ್ನು ಹಂತಹಂತವಾಗಿ ಕಾಯಿಸಿ, ಎಲ್ಲಿ ಸೋರಿದೆ ಎಂದು ಪತ್ತೆಮಾಡಬಹುದು. ಅದರಲ್ಲಿ 8.56 ಕೋಟಿ ಎಂಬ ಉತ್ತರ ಬಂದಿದೆ. ಮೂರನೆಯದು ಯುರೇನಿಯಂ–ಸೀಸ ವಿಧಾನ. ಜಿರ್ಕಾನ್ ಎಂಬ ಪುಟ್ಟ ಹಟಮಾರಿ ಹರಳಿನೊಳಗಿನ ಯುರೇನಿಯಂ ಸೀಸವಾಗುವ ಲೆಕ್ಕ ಅದು. ಅಲ್ಲಿ ಬಂದದ್ದು 9.12 ಕೋಟಿ.

ಜಿರ್ಕಾನ್ ಹರಳು ಶಿಲಾರಸ ಮೇಲೆ ಬರುವ ಮೊದಲೇ ಹುಟ್ಟಿರಬಹುದು. ಆರ್ಗಾನ್ ಗಡಿಯಾರ ಓಡತೊಡಗುವುದು ಕಲ್ಲು ತಣಿದ ಮೇಲೆ. ಹಾಗಂತ ಐವತ್ತು ಲಕ್ಷಕ್ಕೂ ಹೆಚ್ಚು ವರ್ಷಗಳ ಅಂತರವನ್ನು ಅದೊಂದರಿಂದಲೇ ಮುಚ್ಚಲಾಗದು, ಆದ್ದರಿಂದ ಚರ್ಚೆ ನಡೆದಿದೆ. ಓದುಗರಿಗೆ ನಾನು ಹೇಳುವುದು: "ಸುಮಾರು 9 ಕೋಟಿ" ಎಂದರೆ ಸಾಕು, ತಪ್ಪಾಗುವುದಿಲ್ಲ. ಅಷ್ಟು ಹೊತ್ತಿಗೆ ಏನು ನಡೆಯುತ್ತಿತ್ತು ಎಂಬುದೇ ಮುಖ್ಯ, ಅದು ಮುಂದಿನ ಪ್ರಶ್ನೆ.

ಮಡಗಾಸ್ಕರ್‌ಗೂ ಮಲ್ಪೆಗೂ ಏನು ಸಂಬಂಧ?

ನನಗೆ ಅತಿ ಪ್ರಿಯವಾದ ಪ್ರಶ್ನೆ ಇದು. ಈ ದ್ವೀಪಕ್ಕೆ ಹೋಗಲು ಬೇರೆ ಯಾವ ಕಾರಣವೂ ಬೇಡ, ಇದೊಂದೇ ಸಾಕು.

ಒಂಬತ್ತು ಕೋಟಿ ವರ್ಷಗಳ ಹಿಂದೆ ಇಲ್ಲಿ ಅರಬ್ಬೀ ಸಮುದ್ರ ಇರಲಿಲ್ಲ. ಭಾರತ ಭೂಮಧ್ಯರೇಖೆಯಿಂದ ಬಹಳ ದಕ್ಷಿಣಕ್ಕೆ ಇತ್ತು. ಅದರ ಪಶ್ಚಿಮದ ಮಗ್ಗುಲಿಗೆ ಮಡಗಾಸ್ಕರ್ ಅಂಟಿಕೊಂಡಿತ್ತು. ಗೊಂಡ್ವಾನಾ ಎಂಬ ಮಹಾಖಂಡ ಆಗಲೇ ಒಡೆದಿತ್ತು, ಇವೆರಡು ಮಾತ್ರ ಇನ್ನೂ ಜೊತೆಗಿದ್ದವು. ಆಗ ನೆಲದಡಿ ಬಿಸಿ ಏರಿತು. ಮೇಲಿನ ಖಂಡ ಉಬ್ಬಿ, ತೆಳುವಾಗಿ, ಸೀಳಿತು. ಮಡಗಾಸ್ಕರ್‌ನ ದೊಡ್ಡ ಭಾಗವನ್ನು ಸುಮಾರು 8.8 ಕೋಟಿ ವರ್ಷಗಳ ಹಿಂದಿನ ಲಾವಾ ಆವರಿಸಿತು. ಆ ಬಿಸಿಯ ಮೂಲವನ್ನು ಮರಿಯನ್ ಹಾಟ್‌ಸ್ಪಾಟ್ ಎನ್ನುತ್ತಾರೆ. ಸೀಳಿನ ಆಚೆ ಬದಿಗೆ ಅಷ್ಟು ಲಾವಾ ಸಿಕ್ಕರೆ, ಈಚೆ ಬದಿಗೆ, ಅಂದರೆ ನಮ್ಮ ಕಡೆಗೆ ಸಿಕ್ಕಿದ್ದು ಅಲ್ಪ: ನೆಲದ ಬಿರುಕುಗಳಲ್ಲಿ ಗೋಡೆಯಂತೆ ಹೆಪ್ಪುಗಟ್ಟಿದ ಕೇರಳ, ಕರ್ನಾಟಕದ ಕೆಲವು ಡೈಕ್‌ಗಳು, ಮತ್ತು ಮೈದೆರೆದು ನಿಂತ ಈ ದ್ವೀಪಗಳು. ನೀವು ಕಂಬಕ್ಕೆ ಒರಗಿ ನಿಂತಿದ್ದೀರಲ್ಲ, ಅದು ಭಾರತ ಹರಿದ ಅಂಚು.

ಸೀಳಿದ ಮೇಲೆ ನಡುವೆ ಕಡಲು ಹುಟ್ಟಿತು. ಭಾರತ ಉತ್ತರಕ್ಕೆ ಹೊರಟು, ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾಕ್ಕೆ ಗುದ್ದಿತು, ಹಿಮಾಲಯ ಎದ್ದಿತು. ಈಗ ಮಲ್ಪೆಯಿಂದ ಮಡಗಾಸ್ಕರ್‌ನ ಉತ್ತರ ತುದಿಗೆ ಸುಮಾರು 4,000 ಕಿ.ಮೀ.

ಅಷ್ಟು ದೂರದ ನೆಲ ಒಮ್ಮೆ ಪಕ್ಕದಲ್ಲಿತ್ತು ಎನ್ನಲು ಲಾವಾ ಒಂದೇ ಸಾಕ್ಷಿಯಲ್ಲ. ಪೂರ್ವ ಮಡಗಾಸ್ಕರ್‌ನ ಅಂತೋಂಗಿಲ್ ಪ್ರದೇಶದ ಗ್ನೈಸ್, ನಮ್ಮ ಧಾರವಾಡ ಕ್ರೇಟಾನ್ ಎಂಬ ಹಳೆಯ ನೆಲದ ಗ್ನೈಸ್, ಎರಡೂ ಮುನ್ನೂರು ಕೋಟಿ ವರ್ಷಗಳ ಆಸುಪಾಸಿನ ಒಂದೇ ತುಂಡಿನ ಎರಡು ಹೋಳು ಎಂದು ಭೂವಿಜ್ಞಾನಿಗಳು ಜೋಡಿಸಿ ತೋರಿಸಿದ್ದಾರೆ. ಜೀವಿಗಳೂ ಹೇಳುತ್ತವೆ. ನರ್ಮದಾ ತೀರದಲ್ಲಿ ಸಿಕ್ಕ, 2003ರಲ್ಲಿ ಹೆಸರಿಟ್ಟ ರಾಜಾಸಾರಸ್ ಎಂಬ ಡೈನೊಸಾರ್, ಮಡಗಾಸ್ಕರ್‌ನ ಮಜುಂಗಾಸಾರಸ್‌ಗೆ ಹತ್ತಿರದ ನೆಂಟ.

ಕಲ್ಲಿನೊಳಗೆ ಇನ್ನೊಂದು ದಾಖಲೆಯೂ ಇದೆ. ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜ 580 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ತಣಿದಾಗ ಆ ಹೊತ್ತಿನ ಭೂಕಾಂತದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತದೆ. ಭೂಕಾಂತದ ಓರೆ ಅಕ್ಷಾಂಶಕ್ಕೆ ತಕ್ಕಂತೆ ಬದಲಾಗುತ್ತದೆ. ಹಾಗಾಗಿ ಕಲ್ಲಿನಲ್ಲಿ ಹೆಪ್ಪಾದ ಓರೆಯನ್ನು ಅಳೆದರೆ ಅದು ತಣಿದದ್ದು ಯಾವ ಅಕ್ಷಾಂಶದಲ್ಲಿ ಎಂದು ತಿಳಿಯುತ್ತದೆ. ಈ ದ್ವೀಪದ ಕಲ್ಲನ್ನೂ ಹಾಗೆ ಅಳೆದಿದ್ದಾರೆ. ತಾನು ಹುಟ್ಟಿದ ಊರನ್ನು ಕಲ್ಲು ಮರೆತಿಲ್ಲ.

ಡೆಕ್ಕನ್ ಟ್ರ್ಯಾಪ್‌ನ ಒಂದು ತುಂಡೇ ಇದು?

ಅಲ್ಲ. ಡೆಕ್ಕನ್ ಟ್ರ್ಯಾಪ್, ಅಂದರೆ ದಖ್ಖನ್ ಪ್ರಸ್ಥಭೂಮಿಯನ್ನು ಹೊದ್ದಿರುವ ಲಾವಾ ಹಾಸು, ಸುಮಾರು 6.6 ಕೋಟಿ ವರ್ಷಗಳ ಹಿಂದಿನದು, ಬಸಾಲ್ಟ್, ಹಾಟ್‌ಸ್ಪಾಟ್ ಕೂಡ ಬೇರೆ. ಬೆಳಗಾವಿ, ವಿಜಯಪುರದ ಕಡೆಯ ಕರಿಕಲ್ಲು ಅದಕ್ಕೆ ಸೇರಿದ್ದು. ಎರಡರ ನಡುವೆ ಎರಡು ಕೋಟಿ ವರ್ಷಗಳಿಗೂ ಹೆಚ್ಚು ಅಂತರ.

ನಮ್ಮೂರಿನ ಮುರಕಲ್ಲಿನಲ್ಲೂ ತೂತುಗಳಿವೆ. ಅದೂ ಲಾವಾ ಇರಬೇಕಲ್ಲ?

ಕರಾವಳಿಯವರು ತಪ್ಪದೆ ಕೇಳುವ ಪ್ರಶ್ನೆ. ತೂತು ಕಂಡರೆ ಲಾವಾದ ಗುಳ್ಳೆ ಎಂದು ಅನ್ನಿಸುತ್ತದೆ ನಿಜ. ಆದರೆ ಮುರಕಲ್ಲು ಜ್ವಾಲಾಮುಖಿಯ ಕೂಸಲ್ಲ, ಮಳೆಯ ಕೂಸು. ಬಿಸಿಲು ಮತ್ತು ಜಡಿಮಳೆ ಸರದಿಯಂತೆ ಬರುವ ನಾಡಿನಲ್ಲಿ ಬುಡದ ಬಂಡೆ ಕೊಳೆಯುತ್ತದೆ. ಸಿಲಿಕಾ, ಸುಣ್ಣದಂಶ ನೀರಿನಲ್ಲಿ ತೊಳೆದು ಹೋಗುತ್ತವೆ. ಕಬ್ಬಿಣ, ಅಲ್ಯುಮಿನಿಯಂ ಹಿಂದೆ ಉಳಿದು ಗಂಟುಕಟ್ಟುತ್ತವೆ. ಕೆಂಪು ಬಣ್ಣ ಕಬ್ಬಿಣದ್ದು, ತೂತು ತೊಳೆದುಹೋದ ಜಾಗದ್ದು. ಕತ್ತಿಯಿಂದ ಕಡಿಯುವಷ್ಟು ಮೆತ್ತಗಿದ್ದು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ, ಅದಕ್ಕೇ ನಮ್ಮ ಮನೆಗಳೆಲ್ಲ ಅದರಲ್ಲೇ ಎದ್ದವು. ಲ್ಯಾಟರೈಟ್ ಎಂದು ಇದಕ್ಕೆ ಹೆಸರಿಟ್ಟದ್ದು ಫ್ರಾನ್ಸಿಸ್ ಬುಕನನ್, ಕೇರಳದ ಅಂಗಾಡಿಪುರಂನಲ್ಲಿ ಕಂಡು 1807ರಲ್ಲಿ ಪ್ರಕಟಿಸಿದ್ದು. ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂತು.

ಮತ್ತೆ ಸಿಡಿಯುವ ಅಪಾಯ ಇದೆಯೇ?

ಇಲ್ಲ. ಜ್ವಾಲಾಮುಖಿಗೆ ಕೆಳಗಿಂದ ಶಿಲಾರಸ ಬರಬೇಕು. ಅದನ್ನು ಒದಗಿಸಿದ ಬಿಸಿಯ ಮೂಲವನ್ನು ಭಾರತ ಸಾವಿರಾರು ಕಿಲೋಮೀಟರ್ ಹಿಂದೆ ಬಿಟ್ಟು ಬಂದಿದೆ. ಆ ಹಾಟ್‌ಸ್ಪಾಟ್‌ಗೆ ಹೆಸರು ಕೊಟ್ಟ ಮರಿಯನ್ ದ್ವೀಪ ದಕ್ಷಿಣ ಆಫ್ರಿಕಾಕ್ಕೆ ಸೇರಿದ್ದು, ಅಂಟಾರ್ಕ್ಟಿಕಾ ಕಡೆಗಿನ ಚಳಿ ಸಮುದ್ರದಲ್ಲಿದೆ. ಅಲ್ಲಿ 1980ರಲ್ಲೂ ಲಾವಾ ಉಕ್ಕಿದೆ. ಭಾರತದಲ್ಲಿ ಈಗಲೂ ಕೆಂಡ ಕಾರುವ ಜ್ವಾಲಾಮುಖಿ ಬೇಕಿದ್ದರೆ ಅಂಡಮಾನ್ ಸಮುದ್ರದ ಬ್ಯಾರನ್ ದ್ವೀಪ.

ಇದು ಮೊದಲಿನಿಂದಲೂ ದ್ವೀಪವೇ ಆಗಿತ್ತೇ?

ಹಾಗೇನಿಲ್ಲ. ಸುಮಾರು 20,000 ವರ್ಷಗಳ ಹಿಂದೆ, ಕೊನೆಯ ಹಿಮಯುಗದ ತುತ್ತತುದಿಯಲ್ಲಿ, ಜಗತ್ತಿನ ನೀರು ಹಿಮವಾಗಿ ನೆಲದ ಮೇಲೆ ಕೂತಿದ್ದರಿಂದ ಕಡಲಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ನಮ್ಮ ದಡದ ಕಡಲು ಆಳವಿಲ್ಲದ್ದು. ಆಗ ಮಲ್ಪೆಯಿಂದ ಈ ಕಂಬಗಳವರೆಗೆ ನಡೆದೇ ಹೋಗಬಹುದಿತ್ತು, ಅಲೆಗಳು ಇನ್ನೂ ಹತ್ತಾರು ಕಿಲೋಮೀಟರ್ ಆಚೆಗೆ ಇದ್ದವು. ಬಯಲಿನ ನಡುವಿನ ಕಲ್ಲುಗುಡ್ಡದ ಸಾಲು ಅದು. ಹಿಮ ಕರಗಿ ನೀರು ಏರಿದಾಗ ದ್ವೀಪವಾಯಿತು.

ದಡದಲ್ಲಿ ಮರಳಿಗಿಂತ ಚಿಪ್ಪುಗಳೇ ಹೆಚ್ಚು. ಯಾಕೆ?

ಮರಳು ಬೇಕಾದರೆ ಹೊಳೆ ಬೇಕು. ಉದ್ಯಾವರ ಹೊಳೆ, ಸ್ವರ್ಣಾ, ಸೀತಾ ಹೊತ್ತು ತರುವ ಮರಳಿನಲ್ಲಿ ಹೆಚ್ಚಿನದು ಮಲ್ಪೆ ಕಡೆಯ ದಡಕ್ಕೇ ಸೇರುತ್ತದೆ. ದ್ವೀಪದಲ್ಲಿ ಹೊಳೆಯಿಲ್ಲ. ಬಂಡೆಗೆ ಅಂಟಿ, ಬಂಡೆಯ ಸುತ್ತ ಬದುಕುವ ಮಳಿ, ಕಪ್ಪೆಚಿಪ್ಪು, ಶಂಖದ ಹುಳಗಳು ಸತ್ತ ಮೇಲೆ ಅವುಗಳ ಚಿಪ್ಪನ್ನು ಅಲೆ ತಂದು ರಾಶಿ ಹಾಕುತ್ತದೆ.

ಹೆಸರು ಹೇಗೆ ಬಂತು?

1498ರಲ್ಲಿ ವಾಸ್ಕೋ ಡ ಗಾಮಾ ಇಲ್ಲಿ ಇಳಿದು ಶಿಲುಬೆ ನೆಟ್ಟು, ಮೇರಿ ಮಾತೆಯ ಹೆಸರಿಟ್ಟ ಎಂಬುದು ಪ್ರಚಲಿತ ಕಥೆ. ಕಲ್ಲಿನ ಕಥೆಯ ಮುಂದೆ ಅದು ನಿನ್ನೆ ಸಂಜೆಯ ಮಾತು.

ನೆನಪಿಗೆ ಒಂದು ಚೂರು ಕಲ್ಲು ತರಬಹುದೇ?

ದಯವಿಟ್ಟು ಬೇಡ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಈ ದ್ವೀಪಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದೆ. ನಿಯಮ ಅತ್ತ ಇರಲಿ. ಕಂಬದ ಅಂಚು ಒಡೆದರೆ ಮತ್ತೆ ಬೆಳೆಯುವುದಿಲ್ಲ, ಅದನ್ನು ಕಟ್ಟಿದ ಬೆಂಕಿ ಇಲ್ಲಿ ಇಲ್ಲ. ಮೊಳೆಯಿಂದ ಗೀಚಿದ ಜೋಡಿ ಹೆಸರುಗಳನ್ನು ಕಂಡಾಗ ನನಗೆ ಹೊಟ್ಟೆ ಉರಿಯುತ್ತದೆ. ಮಡಗಾಸ್ಕರ್ ಜೊತೆಗಿನ ನಂಟಿನ ಗುರುತಾಗಿ ನಮ್ಮ ದಂಡೆಯಲ್ಲಿ ಕಣ್ಣಿಗೆ ಕಾಣುವಂತೆ ಉಳಿದಿರುವುದು ತೀರಾ ಕಡಿಮೆ. ಅದರಲ್ಲೂ ಒಂದಿಷ್ಟನ್ನು ಚೀಲಕ್ಕೆ ಹಾಕಿಕೊಂಡು ಹೋದರೆ ಮುಂದಿನವರು ನೋಡುವುದೇನನ್ನು?

ಕಲ್ಲು ನೋಡಲೆಂದೇ ಹೋಗುವವರಿಗೆ ಏನು ಹೇಳುತ್ತೀರಿ?

ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ಬಿಟ್ಟು ಹೋಗಿ. ಹೊರಡುವ ಮೊದಲು ಇಳಿತದ ಹೊತ್ತು ವಿಚಾರಿಸಿ, ನೀರು ಇಳಿದಾಗ ಕಂಬಗಳ ಬುಡ ತೆರೆದುಕೊಳ್ಳುತ್ತದೆ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು ಒಳ್ಳೆಯದು, ಬಿರುಕುಗಳ ನೆರಳು ಬಿದ್ದು ಮೂಲೆಗಳು ಎದ್ದು ಕಾಣುತ್ತವೆ. ಪಾಚಿ ಹಿಡಿದ ಬಂಡೆ ಜಾರುತ್ತದೆ, ಹವಾಯಿ ಚಪ್ಪಲಿ ಬೇಡ. ಅಲೆಗೆ ಬೆನ್ನು ಹಾಕಿ ಅಂಚಿನಲ್ಲಿ ನಿಲ್ಲಬೇಡಿ.

ಜನ ಗುಂಪುಗೂಡುವ ಜಾಗದಿಂದ ಸ್ವಲ್ಪ ಆಚೆ ಸರಿದು, ಕಂಬದ ತಲೆಗಳು ನೆಲಮಟ್ಟಕ್ಕೆ ಸವೆದ ಜಾಗ ಹುಡುಕಿ ಕೂತುಕೊಳ್ಳಿ. ಇಳಿತದಲ್ಲಿ ಒಂದೊಂದು ಬಿಲ್ಲೆಯ ತಗ್ಗಿನಲ್ಲೂ ಅಂಗೈಯಷ್ಟು ಕಡಲನೀರು ನಿಂತಿರುತ್ತದೆ, ಅದರೊಳಗೆ ಬೆರಳುಗುರಿನಷ್ಟು ಏಡಿ ಓಡಾಡುತ್ತಿರುತ್ತದೆ. ಬಿಲ್ಲೆಯ ಅಂಚಿನ ಬಿರುಕಿನ ಮೇಲೆ ಬೆರಳಾಡಿಸುತ್ತಾ ಹೋಗಿ, ಮೂರು ಬಿರುಕು ಕೂಡುವಲ್ಲಿ ನಿಲ್ಲಿ. ಅಲ್ಲಿಂದ ಮುಖ ಎತ್ತಿ ನೈಋತ್ಯಕ್ಕೆ ನೋಡಿದರೆ, ಬರೀ ನೀರು ಕಾಣುವ ಆ ದಿಕ್ಕಿನಲ್ಲೇ ಮಡಗಾಸ್ಕರ್ ಇರುವುದು.